ಮರದ ಹಾಯಿ ಹಡಗಿನ ಮಾದರಿ ಮೊದಲಿಂದ ಕಟ್ಟಬೇಕು, ಮಾಡಿದವರು ಹೇಳಿ

ತುಮಕೂರಿನಿಂದ ಪ್ರಶ್ನೆ:
ಕಿಟ್ ತರಿಸದೆ, ಮರ ಕೊಯ್ದು ನಾನೇ ಒಂದು ಹಾಯಿ ಹಡಗು ಕಟ್ಟಬೇಕು ಅನ್ನೋದು ಬಹಳ ದಿನದ ಆಸೆ. ಇಂಗ್ಲೆಂಡಿನ ವಿಕ್ಟರಿ ಹಡಗನ್ನೇ ಮಾಡೋಣ ಅಂದುಕೊಂಡಿದ್ದೇನೆ. ಯಾವ ಮರ ತಗೋಬೇಕು, ಎಲ್ಲಿಂದ ಶುರು ಮಾಡಬೇಕು?

ಕೋಲಾರದಿಂದ:
ಸರ್, ವಿಕ್ಟರಿ ಈಗ ಬೇಡ. ಮೂರು ಕಂಬ, 104 ಫಿರಂಗಿ, ಮೈತುಂಬಾ ಹಗ್ಗ. ಮೊದಲ ಸಲಕ್ಕೆ ಒಂದೋ ಎರಡೋ ಕಂಬದ್ದು ಸಾಕು. ಸ್ವೀಡನ್ನಿನ ಚಾಪ್‌ಮನ್ 1768ರಲ್ಲಿ ಪ್ರಕಟಿಸಿದ ಹಡಗಿನ ನಕ್ಷೆಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಅದರಲ್ಲಿ ಚಿಕ್ಕವೂ ಇವೆ. ಅಳತೆ 1:48 ಇಟ್ಟುಕೊಳ್ಳಿ, ಕಾಲಿಂಚಿಗೆ ಒಂದು ಅಡಿ ಲೆಕ್ಕ. 15 ಮೀಟರಿನ ಹಡಗು 31 ಸೆಂ.ಮೀ. ಆಗುತ್ತದೆ, ಟೇಬಲ್ ಮೇಲೆ ಆರಾಮಾಗಿ ಕೂರುತ್ತದೆ. ಪ್ರಿಂಟ್ ತೆಗೆಸಿದ ತಕ್ಷಣ ಸ್ಕೇಲ್ ಇಟ್ಟು ನೋಡಿ. ಅಂಗಡಿಯವರು ಹಾಳೆಗೆ ಹೊಂದಲಿ ಅಂತ ಚಿಕ್ಕದು ಮಾಡಿಬಿಡುತ್ತಾರೆ.

ನಾನು ಹೇಳಬೇಕಾದ ಮುಖ್ಯ ವಿಷಯ ಪಕ್ಕೆಲುಬುಗಳದ್ದು, ಅಂದರೆ ಒಡಲಿಗೆ ಆಕಾರ ಕೊಡುವ ಅಡ್ಡ ಚೌಕಟ್ಟುಗಳದ್ದು. ಕಂಬ, ಹಾಯಿ ಎಲ್ಲಾ ಆಮೇಲೆ. ನಕ್ಷೆಯಲ್ಲಿ ಪ್ರತಿ ಅಡ್ಡಕೊಯ್ತದ ಅರ್ಧ ಮಾತ್ರ ಇರುತ್ತದೆ, ಬಲಕ್ಕೆ ಮುಂಭಾಗದ್ದು, ಎಡಕ್ಕೆ ಹಿಂಭಾಗದ್ದು. ಕಾಗದವನ್ನು ನಡುಗೆರೆಗೆ ಸರಿಯಾಗಿ ಮಡಚಿ ಎರಡೂ ಪದರ ಒಟ್ಟಿಗೆ ಕತ್ತರಿಸಿ, ಆಗ ಎಡ ಬಲ ಒಂದೇ ಸಮ ಬರುತ್ತದೆ. ಅದನ್ನು 4 ಮಿ.ಮೀ. ಪ್ಲೈಗೆ ಅಂಟಿಸಿ ಕೊಯ್ಯಿರಿ. ಗೆರೆ ಹಲಗೆಯ ಹೊರಮೈಯದ್ದಾದರೆ ಹಲಗೆ ದಪ್ಪದಷ್ಟು ಒಳಗೆ ಕೊಯ್ಯಬೇಕು, ಮರೀಬೇಡಿ. ಎಲ್ಲವನ್ನೂ ಕೀಲ್‌ಗೆ, ಅಂದರೆ ಹಡಗಿನ ಬೆನ್ನುಮೂಳೆಗೆ ಕೂರಿಸಿದ ಮೇಲೆ ಒಂದು ತೆಳು ಪಟ್ಟಿಯನ್ನು ಮುಂದಿನಿಂದ ಹಿಂದಿನವರೆಗೂ ಒತ್ತಿ ಹಿಡಿದು ಕಿಟಕಿ ಕಡೆ ತಿರುಗಿಸಿ. ಪಟ್ಟಿಗೂ ಪಕ್ಕೆಲುಬಿಗೂ ಮಧ್ಯೆ ಬೆಳಕು ನುಸುಳಿದರೆ ಅಲ್ಲಿ ತಗ್ಗಿದೆ, ಚೂರು ಮರ ಅಂಟಿಸಿ ಎತ್ತರಿಸಿ. ಪಟ್ಟಿ ಒಂದು ಕಡೆ ಉಬ್ಬಿ ನಿಂತರೆ ಅಲ್ಲಿ ಉಜ್ಜಿ. ಈ ಕೆಲಸಕ್ಕೆ ನಾನು ಮೂರು ಭಾನುವಾರ ಕೊಟ್ಟೆ. ಇಲ್ಲಿ ಅವಸರ ಮಾಡಿದರೆ ಆಮೇಲೆ ಯಾವ ಬಣ್ಣ ಬಳಿದರೂ ಒಡಲಿನ ಡೊಂಕು ಮುಚ್ಚುವುದಿಲ್ಲ.

ಇನ್ನೊಂದು. ನನ್ನ ಮೊದಲ ಹಡಗಿಗೆ ಎಡಗಡೆಯ ಹಲಗೆ ಪಟ್ಟಿಯೆಲ್ಲಾ ಹೊಡೆದು ಮುಗಿಸಿ ಮಲಗಿದೆ, ಬೆಳಗ್ಗೆ ಎದ್ದು ನೋಡಿದರೆ ಕೀಲ್ ಬಾಳೆಕಾಯಿ ಥರ ಬಾಗಿತ್ತು. ಎರಡು ತಿಂಗಳ ಕೆಲಸ ಹೋಯಿತು, ತುಂಬಾ ಬೇಜಾರಾಯ್ತು. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ಹೀಗೇ ಹೋಗಬೇಕು. ಮೂತಿ ಹತ್ತಿರ ಬಗ್ಗಿಸೋಕೆ ಪಟ್ಟಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆ ಕ್ಲಿಪ್ ಹಾಕಿ ಅದರ ಜಾಗದಲ್ಲೇ ರಾತ್ರಿಯಿಡೀ ಒಣಗಲು ಬಿಡಿ. ಒಣಗಿದ ಮೇಲೇ ಫೆವಿಕಾಲ್. ಫೆವಿಕ್ವಿಕ್ ಬೇಡ, ಸರಿಪಡಿಸಿಕೊಳ್ಳೋಕೆ ಟೈಮೇ ಕೊಡಲ್ಲ.

ಮಧುಗಿರಿಯಿಂದ:
ಮರದ ಬಗ್ಗೆ ನಾನು ಹೇಳ್ತೀನಿ. ಸಿಲ್ವರ್ ಓಕ್ ನಮ್ಮ ಕಡೆ ತೋಟದ ಬದುಗಳಲ್ಲೇ ಇರುತ್ತೆ, ಸಾಮಿಲ್‌ನಲ್ಲಿ ತುಂಡುಗಳನ್ನು ಕೇಳಿದರೆ ಕೊಡ್ತಾರೆ. ಆದರೆ ಅದರ ಗೆರೆ ದೊಡ್ಡದು, ಒಳಗಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ತೇಗವೂ ಅಷ್ಟೇ. 1817ರಲ್ಲಿ ಮುಂಬೈಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಹಡಗು ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಾ ನಿಂತಿದೆ, ನಿಜವಾದ ಹಡಗಿಗೆ ಅಂಥ ಮರ! ಆದರೆ ಒಂದಡಿ ಮಾದರಿಯಲ್ಲಿ ತೇಗದ ಗೆರೆ ಹಗ್ಗದಷ್ಟು ದಪ್ಪ ಕಾಣುತ್ತೆ. ಹೊರಮೈಗೆ ಚನ್ನಪಟ್ಟಣದ ಬೊಂಬೆ ಮಾಡೋ ಆಲೆ ಮರ ಹಾಕಿ. ಬಿಳುಪು, ನುಣುಪು, ಗೆರೆ ಕಾಣಿಸುವುದೇ ಇಲ್ಲ. ಹಲಗೆಗೆ ಹೊಡೆಯೋ ಮೊಳೆ ಬೇಕಾದರೆ ಊದುಬತ್ತಿಯ ಬಿದಿರುಕಡ್ಡಿ ಸೀಳಿ, ತಗಡಿನ ತೂತುಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಎಳೆಯುತ್ತಾ ಹೋಗಿ. ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ.

ಶಿಡ್ಲಘಟ್ಟದಿಂದ:
ಹಗ್ಗಕ್ಕೆ ಯಾರೂ ರೇಷ್ಮೆ ಹೇಳಲಿಲ್ವಲ್ಲ! ಹುರಿ ಮಾಡಿದ ರೇಷ್ಮೆ ನೂಲು ತಗೊಳ್ಳಿ. ಒಂದು ಗೂಡಿನ ಎಳೆಯೇ ನೂರಾರು ಮೀಟರ್ ಬರುತ್ತೆ, ಅದಕ್ಕೇ ಹತ್ತಿ ದಾರದ ಹಾಗೆ ನವಿರು ಎದ್ದು ನಿಲ್ಲೋದಿಲ್ಲ. ಹತ್ತಿಯೇ ಸಿಕ್ಕಿದ್ದು ಅಂದರೆ ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಳ್ಳಿ. ನೈಲಾನ್ ಬೇಡ, ಜಗ್ಗುತ್ತೆ. ಕಂಬ ಹಿಡಿದು ನಿಲ್ಲಿಸೋ ಹಗ್ಗಗಳಿಗೆ ನಿಜವಾದ ಹಡಗಿನಲ್ಲಿ ಟಾರ್ ಬಳಿಯುತ್ತಿದ್ದರು, ಹಾಗಾಗಿ ಅವು ಕಡುಗಂದು. ಹಾಯಿ ಏರಿಸಿ ಇಳಿಸೋವು ತಿಳಿಬಣ್ಣ. ನಾವಿಕರು ಹತ್ತೋ ಹಗ್ಗದ ಮೆಟ್ಟಿಲುಗಳ ಅಂತರ ನಿಜದಲ್ಲಿ 13ರಿಂದ 15 ಇಂಚು, ನಿಮ್ಮ ಅಳತೆಯಲ್ಲಿ 7ರಿಂದ 8 ಮಿ.ಮೀ. ಗೆರೆ ಹಾಕಿದ ರಟ್ಟನ್ನು ಹಿಂದೆ ಸಿಕ್ಕಿಸಿಕೊಂಡು ಕಟ್ಟಿ, ಒಂದೇ ಸಮ ಬರುತ್ತೆ. ಗಂಟು ಬಿಗಿ ಮಾಡುವಾಗ ಎರಡೂ ಪಕ್ಕದ ಹಗ್ಗ ಒಳಕ್ಕೆ ಸೆಳೆದುಕೊಳ್ಳದ ಹಾಗೆ ನೋಡಿಕೊಳ್ಳಿ.

ತುಮಕೂರಿನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಕ್ಟರಿ ಬಿಟ್ಟೆ. ಚಾಪ್‌ಮನ್ ನಕ್ಷೆಗಳಲ್ಲಿ ಒಂಟಿ ಕಂಬದ್ದೊಂದು ಆರಿಸಿಕೊಂಡು ಇವತ್ತೇ ಪ್ರಿಂಟ್ ತೆಗೆಸಿದೆ. ಮನೆಗೆ ಬಂದು ಸ್ಕೇಲ್ ಇಟ್ಟರೆ 50 ಮಿ.ಮೀ. ಇರಬೇಕಾದ ಗೆರೆ 48 ಇದೆ. ನಾಳೆ ಮತ್ತೆ ಹೋಗ್ತೀನಿ.