ಬಸ್ ಟೈಮ್‌ಟೇಬಲ್ ಪ್ರಿಂಟ್ ಮಾಡೋಕೆ ಓಪನ್ ಸೋರ್ಸ್ ಸಾಫ್ಟ್‌ವೇರ್ ಯಾವ್ದಿದೆ? ಕನ್ನಡದಲ್ಲಿ ಸರಿಯಾಗಿ ಬರ್ಬೇಕು

ತುಂಗಾತೀರ

ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ ಊರು. ನಮ್ಮಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಯಾವ ಗಾಡಿ ಎಷ್ಟೊತ್ತಿಗೆ ಅನ್ನೋದು ಏಜೆಂಟರ ಬಾಯಲ್ಲಿ, ಸ್ಟ್ಯಾಂಡಿನ ಹೋಟ್ಲವ್ರ ಬಾಯಲ್ಲಿ ಇರುತ್ತೆ, ಬರೆದು ಹಾಕಿದ್ದು ಎಲ್ಲೂ ಕಾಣೆ. ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮ ಶಿವಮೊಗ್ಗಕ್ಕೆ ಅಂತ ಹೊರಟು ಎರಡು ಗಂಟೆ ಮಳೇಲಿ ನಿಂತಿದ್ರು, ಆ ಟ್ರಿಪ್ಪು ಭಾನುವಾರ ಇಲ್ಲ ಅಂತ ಅವ್ರಿಗೆ ಗೊತ್ತೇ ಇರ್ಲಿಲ್ಲ. ಅವತ್ತಿಂದ ತಲೇಲಿ ಕೂತಿದೆ ಇದು.

ನಾನು ಇನ್ನಿಬ್ರು ಸ್ನೇಹಿತ್ರು ಸೇರಿ ಸ್ಟ್ಯಾಂಡಲ್ಲಿ ಕೂತು, ಕಂಡಕ್ಟರ್‌ಗಳನ್ನ ಕೇಳಿ, 11 ರೂಟಿನ ಟೈಮ್ ಬರ್ಕೊಂಡಿದೀವಿ. ಎಕ್ಸೆಲ್‌ನಲ್ಲಿ ಹಾಕಿ ಪ್ರಿಂಟ್ ತೆಗೆದ್ವಿ, ಆದ್ರೆ ಒಂದು ಟ್ರಿಪ್ಪು ಹತ್ತು ನಿಮಿಷ ಆಚೀಚೆ ಆದ್ರೂ ನಾಲ್ಕು ಶೀಟ್ ತಿದ್ಬೇಕು, ಒಂದ್ಕಡೆ ತಿದ್ದಿ ಇನ್ನೊಂದ್ಕಡೆ ಮರ್ತು ಗೋಡೆ ಮೇಲೆ ತಪ್ಪು ಟೈಮ್ ಉಳ್ಕೊಳ್ಳುತ್ತೆ. ಆಮೇಲೆ ಪೈಥಾನ್‌ನಲ್ಲಿ ಒಂದು ಲೈಬ್ರರಿ ಹಿಡ್ಕೊಂಡು ಪಿಡಿಎಫ್ ಮಾಡಿದ್ರೆ ಮಂಡಗದ್ದೆಯ ಒತ್ತು ಎಲ್ಲೋ ಹೋಗಿ "ಮಂಡಗದ್‌ದೆ" ಆಯ್ತು, ಕೊಪ್ಪನೂ ಹಂಗೇ. ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್ ನಮ್ಮ ಕೈಗೆಟುಕಲ್ಲ. ಡೇಟಾ ಒಂದೇ ಕಡೆ ಇಟ್ಟು ಅದ್ರಿಂದ ಗೋಡೆಗೆ ಅಂಟಿಸೋ ಹಾಳೆ ತಾನೇ ತಯಾರಾಗೋ ಥರ ಏನಾದ್ರೂ ಇದ್ಯಾ?

ರೂಟ್_335ಇ

ಇದೆ, ಆದ್ರೆ ಮೊದ್ಲು ಡೇಟಾನ ಜಿಟಿಎಫ್‌ಎಸ್ (ಜನರಲ್ ಟ್ರಾನ್ಸಿಟ್ ಫೀಡ್ ಸ್ಪೆಸಿಫಿಕೇಶನ್, ಬಸ್ಸು ರೈಲಿನ ವೇಳಾಪಟ್ಟಿ ಬರೆದಿಡೋ ಒಂದು ಕ್ರಮ) ಅನ್ನೋ ರೂಪಕ್ಕೆ ತನ್ನಿ, ಉಳಿದಿದ್ದೆಲ್ಲ ಅದ್ರ ಮೇಲೆ ನಿಂತಿದೆ. ಇದು ಶುರುವಾಗಿದ್ದು 2005ರಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಟ್ರೈಮೆಟ್ ಅನ್ನೋ ಸಾರಿಗೆ ಸಂಸ್ಥೆ ಮತ್ತೆ ಗೂಗಲ್ ಸೇರಿ ಮಾಡಿದ್ದು, ಜಿ ಅಂದ್ರೆ ಆಗ ಗೂಗಲ್ ಅಂತಲೇ ಇತ್ತು, ಆಮೇಲೆ ಜನರಲ್ ಅಂತ ಬದಲಾಯಿಸಿದ್ರು. ಹೆಸರು ಕೇಳಿ ಹೆದರಬೇಡಿ, ಬರೀ ಸಿಎಸ್‌ವಿ ಫೈಲುಗಳು, ಅಂದ್ರೆ ಕಾಮಾ ಹಾಕಿ ಬರೆದ ಸಾದಾ ಟೇಬಲ್‌ಗಳು, ಒಂದು ಜಿಪ್ ಒಳಗೆ. ನಿಲ್ದಾಣಗಳದ್ದು ಒಂದು, ರೂಟ್‌ಗಳದ್ದು ಒಂದು, ಟ್ರಿಪ್‌ಗಳದ್ದು ಒಂದು, ಯಾವ ಟ್ರಿಪ್ಪು ಯಾವ ನಿಲ್ದಾಣಕ್ಕೆ ಎಷ್ಟೊತ್ತಿಗೆ ಅನ್ನೋದು ಸ್ಟಾಪ್ ಟೈಮ್ಸ್ ಫೈಲು, ವಾರದಲ್ಲಿ ಯಾವ ದಿನ ಓಡುತ್ತೆ ಅನ್ನೋದು ಕ್ಯಾಲೆಂಡರ್ ಫೈಲು. ನಿಮ್ಮ ದೊಡ್ಡಮ್ಮನ ಭಾನುವಾರದ ಕಥೆ ಇದೆಯಲ್ಲ, ಅದು ಈ ಕ್ಯಾಲೆಂಡರ್‌ನಲ್ಲಿ ಸಂಡೇ ಕಾಲಮ್ಮಿನಲ್ಲಿ ಒಂದು ಸೊನ್ನೆ, ಅಷ್ಟೇ. ಆಗುಂಬೆ ಘಾಟಿ ಬಂದ್ ಆಗಿ ಉಡುಪಿ ಬಸ್ಸು ನಿಂತ್ರೆ ಆ ತಾರೀಖುಗಳನ್ನ ಕ್ಯಾಲೆಂಡರ್ ಡೇಟ್ಸ್ ಫೈಲಲ್ಲಿ 2 ಅಂತ ಹಾಕಿ ತೆಗೀಬಹುದು, ಸ್ಪೆಷಲ್ ಬಸ್ ಓಡಿಸಿದ್ರೆ ಆ ತಾರೀಖನ್ನ 1 ಅಂತ ಸೇರಿಸ್ಬಹುದು.

ಹಾಳೆ ಮಾಡೋಕೆ ನಾನು ಬಳಸೋದು ಜಿಟಿಎಫ್‌ಎಸ್-ಟು-ಎಚ್‌ಟಿಎಂಎಲ್. ಎಂಐಟಿ ಲೈಸೆನ್ಸು, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಬಳಸ್ಬಹುದು, ತಿದ್ಬಹುದು. ನೋಡ್ ಜೆಎಸ್ ಅನ್ನೋ, ಜಾವಾಸ್ಕ್ರಿಪ್ಟ್ ಓಡಿಸೋ ಉಚಿತ ಸಾಫ್ಟ್‌ವೇರ್ ಮೇಲೆ ಓಡುತ್ತೆ. ಜಿಪ್ ಕೊಟ್ರೆ ಒಳಗೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ಗೆ ತುಂಬ್ಕೊಂಡು ಪ್ರತಿ ರೂಟಿಗೂ ಟೇಬಲ್ ಹಾಕ್ಕೊಡುತ್ತೆ, ವೆಬ್ ಪೇಜ್ ಬೇಕಾ, ಪಿಡಿಎಫ್ ಬೇಕಾ, ಸಿಎಸ್‌ವಿ ಬೇಕಾ, ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಬರೆಯೋ ಫೈಲಲ್ಲಿ) ಒಂದು ಸಾಲು. ನಿಲ್ದಾಣ ಅಡ್ಡಕ್ಕೆ ಬೇಕೋ ಉದ್ದಕ್ಕೆ ಬೇಕೋ ಅದೂ ಹೇಳ್ಬಹುದು. ಇದಕ್ಕಿಂತ ಮುಂಚೆ ಟ್ರೈಮೆಟ್‌ನವ್ರೇ ಟೈಮ್‌ಟೇಬಲ್ ಪಬ್ಲಿಷರ್ ಅಂತ ಜಾವಾದಲ್ಲಿ ಒಂದು ಓಪನ್ ಸೋರ್ಸ್ ಬಿಟ್ಟಿದ್ರು, ಯೋಚನೆ ತುಂಬಾ ಒಳ್ಳೇದು, ಆದ್ರೆ ಅದು ಹಳೇ ಕಾಲದ್ದಾಯ್ತು, ಈಗ ಹೊಸದಾಗಿ ಶುರು ಮಾಡೋರು ಅದಕ್ಕೆ ಕೈ ಹಾಕೋದು ಬೇಡ.

ಉಣಕಲ್ಲ_ದಂಡಿ

335ಇ ಅವ್ರು ಹೇಳಿದ್ದು ಖರೇ ಐತಿ. ಆದ್ರ ಎಕ್ಸೆಲ್ ಬಗ್ಗೆ ಒಂದ್ ಮಾತ್ ಹೇಳ್ತೀನಿ ಕೇಳ್ರಿ, ನಾ ಇದ್ರಾಗ ಒಂದ್ ವಾರ ಕಳ್ದೀನಿ. ಸಿಎಸ್‌ವಿನ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನ್ಯಾಗ ತಗದ್ರ ಕನ್ನಡ ಅಕ್ಷರ ಎಲ್ಲಾ ಗೊಜ್ಜಾಗಿ ಕಾಣ್ತಾವ, ಹಂಗ ಸೇವ್ ಮಾಡಿದ್ರ ಮುಗೀತು, ಟೈಮೂ ಅದ್ಕ ತಿಳದಂಗ ಬದಲ್ ಮಾಡಿ ಇಡ್ತೈತಿ. ಲಿಬ್ರೆಆಫೀಸ್ ಕ್ಯಾಲ್ಕ್ ಬಳಸ್ರಿ, ತಗಿಯುವಾಗ ಅಕ್ಷರದ ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸ್ರಿ, ಟೈಮಿನ ಕಾಲಮ್ಮಿಗೆ ಟೆಕ್ಸ್ಟ್ ಅಂತ ಹೇಳ್ರಿ. ರಾತ್ರಿ ಬಸ್ ಇದ್ರ ಮತ್ತೊಂದು, 11:40ಕ್ಕ ಬಿಟ್ಟು ನಡುರಾತ್ರಿ ದಾಟಿ 1:10ಕ್ಕ ಮುಟ್ಟತೈತಿ ಅಂದ್ರ ಅದನ್ನ 25:10:00 ಅಂತ ಬರೀಬೇಕು, 01:10 ಅಂತ ಬರದ್ರ ಬಸ್ ಬಿಡೂಕಿಂತ ಮೊದ್ಲ ಮುಟ್ಟಿದಂಗ ಆಗತೈತಿ.

ಇನ್ನ ನಿಲ್ದಾಣದ ಸಾಲು. ಒಂದ್ ಬಸ್ ಸೀದಾ ಹೋಗ್ತೈತಿ, ಒಂದು ಒಳಗಿನ ಹಳ್ಳಿ ಹೊಕ್ಕು ಬರ್ತೈತಿ, ಮತ್ತೊಂದು ಆಕಡಿ ಹಳ್ಳಿಗೆ ಹೋಗಿ ಬರ್ತೈತಿ. ಎರಡೂ ಹಳ್ಳಿ ಒಂದ ಹಾಳಿ ಮ್ಯಾಲೆ ಬಂದ್ರ ಯಾವ್ದು ಮ್ಯಾಲೆ ಯಾವ್ದು ಕೆಳಗ? ಎಲ್ಲಾ ಟ್ರಿಪ್ಪಿನ ಸಾಲು ಕೂಡಿಸಿ ಸಾಫ್ಟ್‌ವೇರ್ ತಾನ ಒಂದ್ ಕ್ರಮ ಹುಡಕತೈತಿ, ಸುತ್ತು ಹೊಡದು ಅದ ನಿಲ್ದಾಣಕ್ಕ ವಾಪಸ್ ಬರೋ ರೂಟಿನ್ಯಾಗ ಎಡವತೈತಿ. ಅದಕ್ಕ ಟೈಮ್‌ಟೇಬಲ್ ಸ್ಟಾಪ್ ಆರ್ಡರ್ ಅಂತ ಒಂದ್ ಹೆಚ್ಚಿನ ಫೈಲ್ ಕೊಟ್ಟಾರ, ಅದ್ರಾಗ ನೀವ ಕೈಲೆ ಸಾಲು ಬರದ್ ಬಿಡ್ರಿ. ಊರಾಗ ಓಡ್ಯಾಡೋ ಮನಷ್ಯಾಗ ಗೊತ್ತಿರೋ ಸಾಲ ಸರಿ.

ಮತ್ತ ನಡುವಿನ ನಿಲ್ದಾಣದ ಟೈಮ್ ಖಚಿತ ಗೊತ್ತಿಲ್ಲಂದ್ರ ಸ್ಟಾಪ್ ಟೈಮ್ಸ್ ಫೈಲಿನ ಟೈಮ್‌ಪಾಯಿಂಟ್ ಕಾಲಮ್ಮಿನ್ಯಾಗ 0 ಹಾಕ್ರಿ, ಗೊತ್ತಿದ್ದಲ್ಲೆ 1. ಅಂದಾಜಿನ ಟೈಮನ್ನ ಗಟ್ಟಿ ಟೈಮ್ ಅಂತ ಗ್ವಾಡಿಗೆ ಹಚ್ಚಬ್ಯಾಡ್ರಿ, ಜನ ಅದನ್ನ ನಂಬಿ ಬರ್ತಾರ.

ಒತ್ತಕ್ಷರ

ಒತ್ತು ಬಿಟ್ಟುಹೋಗೋ ವಿಷಯಕ್ಕೆ ಮಾತ್ರ ಉತ್ತರಿಸ್ತೀನಿ. ತಪ್ಪು ನಿಮ್ಮ ಫಾಂಟಿನದ್ದಲ್ಲ. ಕನ್ನಡದಲ್ಲಿ ದ, ಹಲಂತ, ದ, ಎತ್ವ ಅಂತ ನಾಲ್ಕು ಕೋಡ್ ಸೇರಿ "ದ್ದೆ" ಆಗ್ಬೇಕು, ಆ ಸೇರಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಸುಮಾರು ಪಿಡಿಎಫ್ ಲೈಬ್ರರಿಗಳು ಇಂಗ್ಲಿಷ್ ಮನಸ್ಸಲ್ಲಿಟ್ಕೊಂಡು ಮಾಡಿದ್ದು, ಒಂದು ಕೋಡಿಗೆ ಒಂದು ಆಕಾರ ಅಂತ ಸಾಲಾಗಿ ಇಟ್ಕೊಂಡು ಹೋಗ್ತವೆ. ಬ್ರೌಸರ್‌ಗಳಲ್ಲಿ ಹಾರ್ಫ್‌ಬಜ್ ಅನ್ನೋ ಓಪನ್ ಸೋರ್ಸ್ ಶೇಪಿಂಗ್ ಎಂಜಿನ್ ಇರುತ್ತೆ, ಅದಕ್ಕೇ ಕ್ರೋಮ್, ಫೈರ್‌ಫಾಕ್ಸ್ ಎರಡ್ರಲ್ಲೂ ಕನ್ನಡ ಸರಿ ಬರುತ್ತೆ. ಮೇಲೆ ಹೇಳಿದ ಜಿಟಿಎಫ್‌ಎಸ್-ಟು-ಎಚ್‌ಟಿಎಂಎಲ್ ಪಿಡಿಎಫ್ ಮಾಡೋದು ತೆರೆಮರೆಯಲ್ಲಿ ಕ್ರೋಮ್ ಓಡಿಸಿಯೇ, ಹಾಗಾಗಿ ಮಂಡಗದ್ದೆ ಮಂಡಗದ್ದೆಯಾಗೇ ಬರುತ್ತೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಹಾಕಿ, ದೂರದಿಂದ ಓದೋಕೆ ಚೆನ್ನಾಗಿದೆ.

ಒಂದು ಎಚ್ಚರ, ಹಳೇ ನುಡಿ ಅಥವಾ ಬರಹ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ಊರಿನ ಹೆಸರುಗಳ ಪಟ್ಟಿ ಯಾರಾದ್ರೂ ಕೊಟ್ರೆ ಹಂಗೇ ಪೇಸ್ಟ್ ಮಾಡ್ಬೇಡಿ, ಅದು ಯುನಿಕೋಡ್ (ಈಗ ಎಲ್ಲ ಕಡೆ ನಡೆಯೋ ಅಕ್ಷರದ ಕೋಡ್) ಅಲ್ಲ, ಯುನಿಕೋಡ್‌ಗೆ ಕನ್ವರ್ಟ್ ಮಾಡಿ ಅರ್ಕಾವತ್ತು ಇರೋ ಹೆಸರುಗಳನ್ನ ಒಂದೊಂದಾಗಿ ಕಣ್ಣಲ್ಲಿ ನೋಡಿ.

ತುಂಗಾತೀರ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಪೂರ್ತಿ ಕೂತು ಆಗುಂಬೆ ರೂಟ್ ಒಂದನ್ನ ಮಾಡಿದೆ, ಮೇಗರವಳ್ಳಿ ಮೇಲೆ ಹೋಗೋದು. ಕನ್ನಡ ಸ್ವಚ್ಛವಾಗಿ ಬಂತು, ನೋಡಿ ಖುಷಿಯಾಯ್ತು. ಎರಡು ಪ್ರಶ್ನೆ ಉಳಿದಿದೆ. ನಿಲ್ದಾಣದ ಅಕ್ಷಾಂಶ ರೇಖಾಂಶ ಕೇಳ್ತಿದೆ, ಅದನ್ನ ಗೂಗಲ್ ಮ್ಯಾಪಿಂದ ತೆಗೆದು ಹಾಕ್ಬಹುದಾ? ಮತ್ತೆ ಟೇಬಲ್ ಮೇಲೆ ವಾರದ ಹೆಸರು, "ಸ್ಟಾಪ್" ಅನ್ನೋ ಪದ ಎಲ್ಲ ಇಂಗ್ಲಿಷಲ್ಲೇ ಬರ್ತಿದೆ.

ರೂಟ್_335ಇ

ಗೂಗಲ್ ಮ್ಯಾಪಿಂದ ಬೇಡ, ಅಲ್ಲಿಂದ ಡೇಟಾ ತೆಗೆದು ಬೇರೆ ಕಡೆ ಹಾಕೋಕೆ ಅವ್ರ ಷರತ್ತು ಬಿಡಲ್ಲ. ಬಸ್ಸಲ್ಲಿ ಹೋಗುವಾಗ ಪ್ರತಿ ನಿಲ್ದಾಣದಲ್ಲೂ ಮೊಬೈಲ್ ಜಿಪಿಎಸ್‌ನಲ್ಲಿ ಪಾಯಿಂಟ್ ಗುರುತು ಮಾಡ್ಕೊಳ್ಳಿ, ಅದನ್ನೇ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ (ಓಎಸ್‌ಎಂ, ಜನರೇ ಸೇರಿ ಮಾಡೋ ಮುಕ್ತ ನಕ್ಷೆ) ಸೇರಿಸಿ, ಮುಂದೆ ಇನ್ಯಾರಿಗೋ ಉಪಯೋಗಕ್ಕೆ ಬರುತ್ತೆ. ಓಎಸ್‌ಎಂನಲ್ಲಿ ಆಗ್ಲೇ ಇರೋದನ್ನ ತಗೊಂಡ್ರೆ ಹಾಳೆ ಕೆಳಗೆ ಅವ್ರ ಹೆಸರು ಹಾಕ್ಬೇಕು.

ಇಂಗ್ಲಿಷ್ ಪದಗಳು ಟೆಂಪ್ಲೇಟ್‌ನಲ್ಲಿ, ಅಂದ್ರೆ ಹಾಳೆಯ ಅಚ್ಚಿನ ಫೈಲುಗಳಲ್ಲಿ ಕೂತಿರ್ತವೆ. ಆ ಫೋಲ್ಡರ್ ಕಾಪಿ ಮಾಡ್ಕೊಂಡು ಕಾನ್ಫಿಗ್‌ನಲ್ಲಿ ಟೆಂಪ್ಲೇಟ್ ಪಾತ್ ನಿಮ್ಮ ಕಾಪಿಗೆ ತೋರ್ಸಿ, ಒಳಗೆ ಪಗ್ ಫೈಲುಗಳಲ್ಲಿ (ಅಚ್ಚು ಬರೆದಿರೋ ಭಾಷೆಯ ಹೆಸರು ಪಗ್) ಪದ ಬದಲಾಯಿಸಿ. ವಾರದ ಹೆಸರುಗಳಿಗೂ ಕಾನ್ಫಿಗ್‌ನಲ್ಲಿ ಜಾಗ ಇದೆ. ಪ್ರಿಂಟಿಗೆ ಕೊಡೋಕೆ ಮುಂಚೆ ಮೊಬಿಲಿಟಿಡೇಟಾ ಅನ್ನೋ ಸಂಸ್ಥೆಯವ್ರ ವ್ಯಾಲಿಡೇಟರ್‌ನಲ್ಲಿ (ಜಿಟಿಎಫ್‌ಎಸ್ ತಪ್ಪು ಹುಡುಕೋ ಸಾಫ್ಟ್‌ವೇರ್) ಜಿಪ್ ಒಂದ್ಸಲ ಓಡ್ಸಿ, ಅದೂ ಓಪನ್ ಸೋರ್ಸೇ, ಟೈಮ್ ಹಿಂದುಮುಂದಾಗಿದ್ರೆ, ಇಲ್ಲದ ನಿಲ್ದಾಣದ ನಂಬರ್ ಹಾಕಿದ್ರೆ ಹಿಡಿದು ಹೇಳುತ್ತೆ.

ಉಣಕಲ್ಲ_ದಂಡಿ

ಹಾಳಿ ಕೆಳಗ "ಈ ತಾರೀಖಿಗೆ ತಿದ್ದಿದ್ದು" ಅಂತ ದಪ್ಪಗ ಹಾಕ್ರಿ ಮತ್ತ. ಆಗುಂಬಿ ಆದ ಮ್ಯಾಲೆ ಶಿವಮೊಗ್ಗ ರೂಟ್ ಹಾಕಿದ್ರ ಫೈಲ್ ಇಲ್ಲೇ ಹಚ್ರಿ, ನಿಲ್ದಾಣದ ಸಾಲು ನಾ ನೋಡಿ ಹೇಳ್ತೀನಿ.