ಪದಚರ್ಚೆ: ಹೆಲಿಕಾಪ್ಟರಿನ 'ಗರಿಷ್ಠ ಎತ್ತರ' ಅಂದರೆ ಯಾವ ಎತ್ತರ? ಏರುಮಿತಿ, ನಿಲುಮಿತಿ, ನೆಲದಾಸರೆ

ಬಳಗದವರಿಗೆ ನಮಸ್ಕಾರ.

ಸಿಯಾಚಿನ್, ಲಡಾಖ್ ಕಡೆಯ ಎತ್ತರದ ಠಾಣೆಗಳಿಗೆ ಸೇನೆ ಯಾವ ಹಗುರ ಹೆಲಿಕಾಪ್ಟರನ್ನು ಆಯ್ದುಕೊಳ್ಳಬೇಕು ಎಂಬ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ 'ಇದು ಗರಿಷ್ಠ ಇಷ್ಟು ಮೀಟರ್ ಎತ್ತರಕ್ಕೆ ಹಾರಬಲ್ಲದು' ಎಂಬ ವಾಕ್ಯ ತಪ್ಪದೆ ಇರುತ್ತದೆ. ಓದುಗರು ಅದನ್ನು ಹಿಡಿದು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ: ಆರು ಸಾವಿರ ಮೀಟರ್ ದಾಟಿ ಹಾರುವ ಯಂತ್ರ ಐದೂವರೆ ಸಾವಿರ ಮೀಟರಿನ ಠಾಣೆಗೆ ಸಾಮಾನು ಇಳಿಸಲು ಯಾಕೆ ತಿಣುಕಬೇಕು? 'ಗರಿಷ್ಠ ಎತ್ತರ' ಎಂಬ ಒಂದೇ ಮಾತಿನ ಕೆಳಗೆ ನಾವು ಮೂರು ಬೇರೆ ಬೇರೆ ಅಳತೆಗಳನ್ನು ಹಾಕಿಬಿಟ್ಟಿದ್ದೇವೆ. ಈ ಮೂರಕ್ಕೂ ಬೇರೆ ಬೇರೆ ಪದ ಬೇಕು. ನನಗೆ ಹೊಳೆದವನ್ನು ಕೆಳಗೆ ಇಟ್ಟಿದ್ದೇನೆ, ಒರೆಗೆ ಹಚ್ಚಿ ಹೇಳಿ.

ಮೊದಲನೆಯದು ಸರ್ವಿಸ್ ಸೀಲಿಂಗ್. ಯಂತ್ರ ಮುಂದಕ್ಕೆ ಹಾರುತ್ತಾ ಮೇಲೇರುವಾಗ ಏರುವ ವೇಗ ಕುಗ್ಗುತ್ತಾ ಹೋಗಿ ನಿಮಿಷಕ್ಕೆ 100 ಅಡಿಗೆ ಇಳಿಯುವ ಎತ್ತರ ಅದು. ಎರಡನೆಯದೂ ಮೂರನೆಯದೂ ಹೋವರ್ ಸೀಲಿಂಗ್‌ನ ಎರಡು ಬಗೆಗಳು. ಮುಂದಕ್ಕೂ ಹಿಂದಕ್ಕೂ ಹೋಗದೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲ ಎತ್ತರ ಇದು, ನೆಲಕ್ಕೆ ಹತ್ತಿರವಿದ್ದಾಗ ಒಂದು, ನೆಲದಿಂದ ದೂರವಿದ್ದಾಗ ಇನ್ನೊಂದು. ಮುಂದಕ್ಕೆ ಸಾಗುವಾಗ ರೋಟರಿಗೆ (ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳಿಗೆ) ಹೊಸ ಗಾಳಿ ಸಿಗುತ್ತಲೇ ಇರುವುದರಿಂದ ಬೇಕಾಗುವ ಬಲ ಕಡಿಮೆ. ನಿಂತಲ್ಲೇ ನಿಂತರೆ ತಾನೇ ಕೆಳಕ್ಕೆ ತಳ್ಳಿದ ಗಾಳಿಯೊಳಗೆ ಕೆಲಸ ಮಾಡಬೇಕು, ಬಲ ಹೆಚ್ಚು ಬೇಕು. ಹಾಗಾಗಿ ಯಾವ ಹೆಲಿಕಾಪ್ಟರ್ ಆದರೂ ಹಾರಬಲ್ಲ ಎತ್ತರಕ್ಕಿಂತ ನಿಲ್ಲಬಲ್ಲ ಎತ್ತರ ತಗ್ಗು. ಠಾಣೆಗೆ ಬೇಕಾಗಿರುವುದು ನಿಲ್ಲುವ ಎತ್ತರ. ಬರಹಗಳಲ್ಲಿ ಅಚ್ಚಾಗುವುದು ಮಾತ್ರ ಹಾರುವ ಎತ್ತರ.

ಮೊದಲನೆಯದಕ್ಕೆ 'ಏರುಮಿತಿ', ಉಳಿದೆರಡಕ್ಕೆ 'ನಿಲುಮಿತಿ' ಎನ್ನಬಹುದೇ? ಜೋಡಿಯಾಗಿ ಕಿವಿಗೆ ಒಪ್ಪುತ್ತವೆ, ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಆದರೆ ಎರಡು ಅನುಮಾನಗಳಿವೆ. 'ಏರುದನಿ', 'ಏರುಗತಿ' ಪದಗಳಲ್ಲಿ 'ಏರು' ಎಂದರೆ ಏರುತ್ತಿರುವ ಎಂಬ ಅರ್ಥ. ಆ ಜಾಡಿನಲ್ಲಿ 'ಏರುಮಿತಿ'ಯನ್ನು ಏರುತ್ತಾ ಹೋಗುವ ಮಿತಿ ಎಂದು ಓದಿಕೊಂಡಾರೇ? ಹಾಗೆಯೇ 'ನಿಲುಗಡೆ'ಯ ನೆನಪಿನಿಂದ 'ನಿಲುಮಿತಿ'ಯನ್ನು ವಾಹನ ನಿಲ್ಲಿಸುವ ಮಿತಿ ಎಂದು ತಿಳಿದಾರೇ? 'ನಿಲುವಂಗಿ', 'ನಿಲುಗನ್ನಡಿ'ಗಳಲ್ಲಿ 'ನಿಲು'ವಿಗೆ ಬೇರೆಯೇ ಅರ್ಥವಿದ್ದರೂ ಯಾರೂ ತಬ್ಬಿಬ್ಬಾಗುವುದಿಲ್ಲ ಎಂಬ ಧೈರ್ಯ ನನಗಿದೆ.

ಇದಕ್ಕೂ ಮೂಲದಲ್ಲಿ 'ಹೋವರ್' ಎಂಬ ಕ್ರಿಯೆಗೇ ಕನ್ನಡದಲ್ಲಿ ಗಟ್ಟಿ ಪದ ಬೇಕು. 'ಗಾಳಿಯಲ್ಲಿ ತೇಲು' ಎಂದು ಬರೆಯುವುದುಂಟು. ಅದು ಸರಿಯಲ್ಲ ಅನ್ನಿಸುತ್ತದೆ. ತೇಲುವುದಕ್ಕೆ ಶ್ರಮ ಬೇಡ, ಬಲೂನು ತೇಲುತ್ತದೆ, ಎಲೆ ತೇಲುತ್ತದೆ. ಹೆಲಿಕಾಪ್ಟರ್ ಅತಿ ಹೆಚ್ಚು ದುಡಿಯುವುದೇ ಹಾಗೆ ನಿಂತಾಗ. 'ತೂಗಾಡು' ಎಂದರೆ ಹತೋಟಿ ತಪ್ಪಿದಂತೆ ಕೇಳುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ಮೀನಿಗೆ ಎರಗುವ ಮೊದಲು ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಲ್ಲುತ್ತದಲ್ಲ, ಅದು ಪಕ್ಕಾ ಹೋವರ್. ಆ ಕ್ರಿಯೆಗೆ ಯಾವುದಾದರೂ ಸೀಮೆಯ ಆಡುಮಾತಿನಲ್ಲಿ ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ. ಅದು ಸಿಗುವವರೆಗೆ 'ನಿಲುಹಾರು', 'ನಿಲುಹಾರಾಟ' ಬಳಸುವುದು ನನ್ನ ಯೋಚನೆ. 'ಸ್ಥಿರ ಹಾರಾಟ' ಬೇಡ, ಒಂದೇ ವೇಗದಲ್ಲಿ ಅಲುಗಾಡದೆ ಮುಂದೆ ಸಾಗುವುದಕ್ಕೂ ಅದೇ ಮಾತು ಬೇಕಾಗುತ್ತದೆ.

ಈಗ ಕಷ್ಟದ ಪದ: ಗ್ರೌಂಡ್ ಎಫೆಕ್ಟ್. ಸುಮಾರಾಗಿ ರೋಟರಿನ ವ್ಯಾಸದಷ್ಟು ಎತ್ತರದೊಳಗೆ ಹೆಲಿಕಾಪ್ಟರ್ ನಿಂತಿದ್ದರೆ ಕೆಳಕ್ಕೆ ತಳ್ಳಿದ ಗಾಳಿಗೆ ನೆಲ ಅಡ್ಡ ಬರುತ್ತದೆ. ಗಾಳಿ ಪಕ್ಕಕ್ಕೆ ಹರಡುತ್ತದೆ, ಅಷ್ಟೇ ಭಾರವನ್ನು ಕಡಿಮೆ ಬಲದಲ್ಲಿ ಎತ್ತಬಹುದು. 'ಭೂ ಪರಿಣಾಮ' ಎಂದರೆ ಭೂಕಂಪದ ಸುದ್ದಿಯಂತೆ ಕೇಳುತ್ತದೆ, 'ನೆಲದ ಪ್ರಭಾವ' ಎಂದರೆ ಏನೂ ತಿಳಿಯುವುದಿಲ್ಲ. ನಾನು 'ನೆಲದಾಸರೆ' ಎನ್ನುತ್ತೇನೆ: ನೆಲದಾಸರೆಯ ನಿಲುಮಿತಿ, ಆಸರೆಯಿಲ್ಲದ ನಿಲುಮಿತಿ. 'ಆಸರೆ' ಎಂದಾಗ ಮುಟ್ಟಿಕೊಂಡಿರುವ ಊರುಗೋಲು ನೆನಪಾಗುತ್ತದೆ, ಇಲ್ಲಿ ಮುಟ್ಟುವುದಿಲ್ಲ ಎಂದು ಆಕ್ಷೇಪಿಸಬಹುದು. ಅಂಥವರಿಗೆ 'ನೆಲದೊತ್ತಾಸೆ' ಹಿಡಿಸೀತೇ? ಅದರಲ್ಲಿ ಒತ್ತುವಿಕೆಯೂ ಇದೆ, ಬೆಂಬಲವೂ ಇದೆ. ಹೇಳಲು ಮಾತ್ರ ತುಸು ಉದ್ದ.

ಈ ವ್ಯತ್ಯಾಸಕ್ಕಾಗಿ ಇಷ್ಟು ಜಗ್ಗಾಡುವುದಕ್ಕೆ ಕಾರಣವಿದೆ. ಗುಡ್ಡದ ನೆತ್ತಿಯ ಮೇಲೋ ಹಿಮದ ಅಂಚಿನಲ್ಲೋ ಇರುವ ಪುಟ್ಟ ಹೆಲಿಪ್ಯಾಡಿನಲ್ಲಿ ನೆಲ ಕೆಲವೇ ಮೀಟರ್ ಇರುತ್ತದೆ. ಆಚೆಗೆ ಕಣಿವೆ. ತಳ್ಳಿದ ಗಾಳಿ ಅಂಚಿನಿಂದ ಜಾರಿಹೋಗುತ್ತದೆ, ನೆಲದಾಸರೆ ಪೂರ್ತಿ ದಕ್ಕುವುದಿಲ್ಲ. ಇಳಿಜಾರಿನಲ್ಲೂ ಅದೇ ಕಥೆ. ಆದ್ದರಿಂದ ಅಂಥ ಠಾಣೆಗೆ ಯಂತ್ರ ಆರಿಸುವಾಗ ಆಸರೆಯಿಲ್ಲದ ನಿಲುಮಿತಿಯನ್ನೇ ನೋಡಬೇಕು, ಮೂರು ಅಳತೆಗಳಲ್ಲಿ ಅತಿ ತಗ್ಗಿನದು ಅದು. ಪೈಲಟ್ ಅಲ್ಲಿಗೆ ಬಂದಾಗ ಗಾಳಿ ತಿರುಗಿದರೆ ಹಿಂದೆ ಸರಿಯಲು ಕೈಯಲ್ಲಿ ಸ್ವಲ್ಪ ಬಲ ಉಳಿದಿರಬೇಕು. ಪವರ್ ಮಾರ್ಜಿನ್ ಎನ್ನುವ ಇದಕ್ಕೆ 'ಮಿಗುಬಲ' ಎಂದರೆ ಸಾಕು, ಇದರ ಬಗ್ಗೆ ತಕರಾರು ಇರಲಾರದು ಅಂದುಕೊಂಡಿದ್ದೇನೆ.

'ಎತ್ತರ' ಎಂಬ ಪದದಲ್ಲೇ ಇನ್ನೊಂದು ತೊಡಕಿದೆ. ಲೇಹ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,250 ಮೀಟರ್ ಮೇಲಿದೆ. ಅಂತರರಾಷ್ಟ್ರೀಯ ಮಾದರಿ ಹವೆಯ (ಯಾವ ಎತ್ತರಕ್ಕೆ ಎಷ್ಟು ಉಷ್ಣಾಂಶ, ಒತ್ತಡ ಎಂದು ಗೊತ್ತುಮಾಡಿಕೊಂಡ ಪಟ್ಟಿ) ಲೆಕ್ಕದಲ್ಲಿ ಆ ಎತ್ತರದಲ್ಲಿ ಉಷ್ಣಾಂಶ ಸೊನ್ನೆಗಿಂತ ಆರು ಡಿಗ್ರಿ ಕೆಳಗಿರಬೇಕು. ಬೇಸಿಗೆಯ ಮಧ್ಯಾಹ್ನ ಅಲ್ಲಿ 25 ಡಿಗ್ರಿ ಇದ್ದರೆ ಗಾಳಿ ಇನ್ನಷ್ಟು ತೆಳುವಾಗಿ ಹೆಲಿಕಾಪ್ಟರಿನ ಪಾಲಿಗೆ ಆ ನೆಲ ಸುಮಾರು 4,400 ಮೀಟರ್ ಎತ್ತರದಲ್ಲಿದ್ದಂತೆ. ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುವುದು ಇದನ್ನೇ. 'ಸಾಂದ್ರತಾ ಎತ್ತರ' ಎಂದು ಅನುವಾದಿಸಿದರೆ ಸಾಂದ್ರತೆ ಹೆಚ್ಚಿದಷ್ಟೂ ಈ ಎತ್ತರವೂ ಹೆಚ್ಚು ಎಂದು ಓದುಗರು ತಿರುವುಮುರುವಾಗಿ ತಿಳಿಯುತ್ತಾರೆ. 'ನೆಲದ ಎತ್ತರ', 'ಗಾಳಿಯ ಎತ್ತರ' ಎಂದು ಬೇರ್ಪಡಿಸಿದರೆ ಹೇಗೆ? 'ಲೇಹ್‌ನ ನೆಲದ ಎತ್ತರ 3,250, ಇವತ್ತಿನ ಗಾಳಿಯ ಎತ್ತರ 4,400' ಎಂಬ ವಾಕ್ಯ ನನಗೆ ಸಲೀಸಾಗಿ ಅರ್ಥವಾಗುತ್ತದೆ.

ಚೀತಾ ಹೆಲಿಕಾಪ್ಟರಿನ ಉದಾಹರಣೆಯಲ್ಲಿ ಈ ಪದಗಳನ್ನು ಪರೀಕ್ಷಿಸಬಹುದು. ಫ್ರಾನ್ಸಿನ ಲಾಮಾ ಹೆಲಿಕಾಪ್ಟರನ್ನು ಪರವಾನಗಿ ಪಡೆದು ಎಚ್‌ಎಎಲ್ ಕಟ್ಟಿದ್ದು ಚೀತಾ. ಲಾಮಾ ರೂಪುಗೊಂಡದ್ದೇ 1960ರ ದಶಕದ ಕೊನೆಗೆ ಭಾರತ ಮುಂದಿಟ್ಟ ಬೇಡಿಕೆಗೆ. ಅದರ ಆರ್ಟೂಸ್ಟ್ ಎಂಜಿನ್ನಿನ ಶಕ್ತಿ 870 ಅಶ್ವಶಕ್ತಿ, ಬಳಕೆಗೆ ಬಿಟ್ಟಿದ್ದು 550 ಮಾತ್ರ. ತಗ್ಗಿನಲ್ಲಿ ಹೀಗೆ ಹಿಡಿದಿಟ್ಟ ಬಲ ಎತ್ತರದಲ್ಲಿ ಗಾಳಿ ತೆಳುವಾದಾಗ ನೆರವಿಗೆ ಬರುತ್ತದೆ: ಎಂಜಿನ್ ಸೊರಗುತ್ತಿದ್ದರೂ 550 ಬಹಳ ಎತ್ತರದವರೆಗೂ ಸಿಗುತ್ತಲೇ ಇರುತ್ತದೆ. ಡೀರೇಟಿಂಗ್ ಎಂಬ ಈ ಏರ್ಪಾಟಿಗೆ 'ಬಲ ಕಡಿತ' ಎಂದು ಬರೆದರೆ ಕುಂದು ಎಂದು ಓದಿಕೊಳ್ಳುತ್ತಾರೆ, ನಿಜದಲ್ಲಿ ಅದು ಗುಣ. 'ಕಾಯ್ದಿಟ್ಟ ಬಲ' ಎನ್ನೋಣವೇ? 1972ರ ಜೂನ್ 21ರಂದು ಫ್ರಾನ್ಸಿನ ಪೈಲಟ್ ಜಾನ್ ಬುಲೆ ಲಾಮಾದಲ್ಲಿ 12,442 ಮೀಟರ್ ಏರಿ ದಾಖಲೆ ಬರೆದರು. ಅಷ್ಟು ಏರಿದ ಕುಲದ ಚೀತಾ ಸಿಯಾಚಿನ್ನಿನ ಅತಿ ಎತ್ತರದ ಠಾಣೆಗಳಿಗೆ ಒಮ್ಮೆಗೆ ಒಯ್ಯುವುದು ಕೆಲವೇ ಹತ್ತು ಕಿಲೋ. ದಾಖಲೆಗೆ ಹಾರಿದ್ದು ಭಾರವನ್ನೆಲ್ಲ ಕಳಚಿದ ಯಂತ್ರ, ಅದು ಅಲ್ಲಿ ನಿಲ್ಲಲೂ ಇಲ್ಲ, ಹೊರೆ ಇಳಿಸಲೂ ಇಲ್ಲ. ಏರುಮಿತಿ, ನಿಲುಮಿತಿ ಎಂಬ ಎರಡು ಪದಗಳಿದ್ದರೆ ಈ ಅಂತರವನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಗಿಸಬಹುದು.

ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದ ಎಚ್‌ಎಎಲ್‌ನ ಲೈಟ್ ಯುಟಿಲಿಟಿ ಹೆಲಿಕಾಪ್ಟರ್ ಮೊದಲು ಹಾರಿದ್ದು 2016ರಲ್ಲಿ. 2018ರ ಡಿಸೆಂಬರಿನಲ್ಲಿ ಅದು ಆರು ಕಿಲೋಮೀಟರ್ ಎತ್ತರಕ್ಕೆ ಏರಿತು, 2019ರಲ್ಲಿ ಲಡಾಖಿನಲ್ಲಿ ಬಿಸಿ ಮತ್ತು ಎತ್ತರದ ಪರೀಕ್ಷೆ ನಡೆಯಿತು. ಮೊದಲನೆಯದು ಏರಿದ ಎತ್ತರದ ಸುದ್ದಿ, ಎರಡನೆಯದು ಬಹುಮಟ್ಟಿಗೆ ನಿಲ್ಲುವ ಮತ್ತು ಹೊರುವ ಶಕ್ತಿಯ ಸುದ್ದಿ. ಎರಡನ್ನೂ 'ಎತ್ತರದ ಹಾರಾಟ ಯಶಸ್ವಿ' ಎಂಬ ಒಂದೇ ತಲೆಬರಹದಡಿ ತಂದರೆ ಎರಡನೆಯದರ ಮಹತ್ವ ಕಳೆದುಹೋಗುತ್ತದೆ.

ಅದರ ಹೆಸರಿನಲ್ಲೂ ತೊಂದರೆ ಇದೆ. 'ಲಘು ಉಪಯುಕ್ತ ಹೆಲಿಕಾಪ್ಟರ್' ಬೇಡ, ಉಪಯುಕ್ತ ಎಂಬುದು ಹೊಗಳಿಕೆ, ಯುಟಿಲಿಟಿ ಎಂಬುದು ವರ್ಗದ ಹೆಸರು. 'ಬಹುಬಳಕೆಯ' ಸಾಕು. 'ಲಘು' ಮತ್ತು 'ಹಗುರ' ಎರಡೂ ನಡೆಯುತ್ತವೆ, ನಾನು 'ಹಗುರ'ದ ಕಡೆ. ಆದರೆ ಎರಡು ಟನ್ನಿನೊಳಗಿನ ಚೀತಾ, ಸುಮಾರು ಮೂರು ಟನ್ನಿನ ಈ ಹೊಸ ಯಂತ್ರ, ಐದೂವರೆ ಟನ್ನಿನ ಧ್ರುವ, 5.8 ಟನ್ನಿನ ಪ್ರಚಂಡ, ಎಲ್ಲವೂ 'ಹಗುರ'ವೇ ಆಗಿರುವುದರಿಂದ ಆ ಪದವೊಂದರಿಂದ ಓದುಗರಿಗೆ ಅಂದಾಜು ಸಿಗದು. ಪಕ್ಕದಲ್ಲಿ ಟನ್ ಲೆಕ್ಕ ಬರೆಯಲೇಬೇಕು.

ಕೊನೆಯದಾಗಿ ಒಂದು ಕ್ರಿಯಾಪದ. ಅತಿ ಎತ್ತರದ ಠಾಣೆಗಳಲ್ಲಿ ಹೆಲಿಕಾಪ್ಟರ್ ಪೂರ್ತಿ ಭಾರ ಬಿಟ್ಟು ಕೂರುವುದಿಲ್ಲ, ಎಂಜಿನ್ ಆರಿಸುವುದಿಲ್ಲ. ಸ್ಕಿಡ್ (ಗಾಲಿಯ ಬದಲಿಗೆ ಇರುವ ಕಂಬಿಗಾಲು) ಹಿಮಕ್ಕೆ ತಾಗಿಯೂ ತಾಗದಂತೆ ನಿಂತಿರುವಾಗಲೇ ಸಾಮಾನು ಕೆಳಗಿಳಿಯುತ್ತದೆ, ಗಾಯಾಳು ಒಳಗೆ ಬರುತ್ತಾನೆ. ಇದಕ್ಕೆ 'ಇಳಿಯಿತು' ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. 'ತಾಗಿ ನಿಂತಿತು' ಎಂಬುದಕ್ಕಿಂತ ಚೊಕ್ಕ ಮಾತು ಇದೆಯೇ? ಸೇನೆಯ ವೈಮಾನಿಕ ದಳದಲ್ಲೋ ವಾಯುಪಡೆಯ ಹೆಲಿಕಾಪ್ಟರ್ ಘಟಕಗಳಲ್ಲೋ ಎಚ್‌ಎಎಲ್‌ನ ಕಾರ್ಖಾನೆಯಲ್ಲೋ ಕೆಲಸ ಮಾಡಿದ ಕನ್ನಡಿಗರು ಬಳಗದಲ್ಲಿದ್ದರೆ, ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ಇದಕ್ಕೂ ಹೋವರ್‌ಗೂ ಏನೆನ್ನುತ್ತಿದ್ದಿರಿ ಎಂದು ಬರೆಯಿರಿ. ಬಾಯಲ್ಲಿ ಬಳಕೆಯಾದ ಪದ ಸಿಕ್ಕರೆ ನನ್ನ 'ನಿಲುಹಾರಾಟ'ವನ್ನು ಕೈಬಿಡಲು ಸಿದ್ಧ.