ಸಹಾಯ ಬೇಕು: ಖಾನಾವಳಿಯಲ್ಲಿ ಬಿದ್ದ ಗಿರಾಕಿಯ ಆಸ್ಪತ್ರೆ ಖರ್ಚು ವಿಮೆಯಲ್ಲಿ ಸಿಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಕಳೆದ ತಿಂಗಳು ಕೈ ತೊಳೆಯುವ ಜಾಗದಲ್ಲಿ ಹಿರಿಯರೊಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೆಲ ಒರೆಸಿರಲಿಲ್ಲ, ತಪ್ಪು ನಮ್ಮದೇ. ಆಟೊದಲ್ಲಿ ಕರೆದೊಯ್ದು ಎಕ್ಸ್‌ರೇ, ಪ್ಲಾಸ್ಟರ್ ಸೇರಿ 9,400 ರೂಪಾಯಿ ನಾನೇ ಕಟ್ಟಿದೆ. ಅಷ್ಟು ನೋವಿನಲ್ಲೂ ಆ ಯಜಮಾನರಿಗೆ ನಮ್ಮಲ್ಲಿ ಬಿಟ್ಟುಬಂದ ಚಪ್ಪಲಿಯದೇ ಚಿಂತೆ!

ನಮ್ಮ ಅಂಗಡಿ ವಿಮೆಯಲ್ಲಿ ಸಾರ್ವಜನಿಕ ಹೊಣೆಗಾರಿಕೆಯ ಭಾಗವಿದೆ, ಅಂದರೆ ನಮ್ಮ ತಪ್ಪಿನಿಂದ ಗಿರಾಕಿಯಂಥ ಹೊರಗಿನವರಿಗೆ ಪೆಟ್ಟಾದರೆ ಪರಿಹಾರ ಕೊಡುವ ಭಾಗ. ಆದರೆ ಲಿಖಿತ ಒಪ್ಪಿಗೆ ಪಡೆಯದೆ ಹೊಣೆ ಒಪ್ಪಿಕೊಂಡು ಹಣ ಕೊಟ್ಟಿದ್ದೀರಿ ಎಂದು ಕಂಪನಿಯವರು ತಕರಾರು ತೆಗೆದಿದ್ದಾರೆ. ಪಾಲಿಸಿಯಲ್ಲಿ ಆ ಷರತ್ತು ಇರುವುದು ನಿಜ. ಮುರಿದ ಕೈ ಹಿಡಿದು ಕುಳಿತವರ ಮುಂದೆ ಷರತ್ತು ಓದುತ್ತ ಕೂರಲಾದೀತೇ?

ಪ್ರಥಮ ಚಿಕಿತ್ಸೆಯ ಖರ್ಚನ್ನಾದರೂ ಹೀಗೆ ಪಡೆದವರು ಇದ್ದರೆ ದಯವಿಟ್ಟು ತಿಳಿಸಿ. ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇನೆ. ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸುವ ಅಧಿಕಾರಿ) ಬಳಿ ಹೋಗಲೋ, ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗಕ್ಕೋ?